ಜಾರುವ ಅಲೆ

ರಿಪೇರಿಯಾಗಿ ಬಂದ ಮೇಲೆ ಯಂತ್ರ ಕೆಲಸ ಮಾಡುತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಸಂಹಿತಾಗೂ ಮೊದಲು ನಂಬಿಕೆಯಾಗಲಿಲ್ಲ.

ಯಲಹಂಕದ ಆಚೆಗಿನ ಸಂಶೋಧನಾ ಕೇಂದ್ರದಲ್ಲಿ ಅವಳು ನಾಲ್ಕು ವರ್ಷದಿಂದ ಒಂದೇ ಪ್ರಯೋಗದ ಬೆನ್ನು ಹತ್ತಿದ್ದಳು. ಉಗುರಿನಷ್ಟಗಲದ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಕೋಬಾಲ್ಟ್ ಕಣಗಳು. ಒಂದೊಂದೂ ಒಂದು ಅಯಸ್ಕಾಂತ. ಉತ್ತರ ತುದಿ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ ಎಂದಿಟ್ಟುಕೊಂಡು ಅವುಗಳಲ್ಲಿ ಮಾಹಿತಿ ಬರೆದಿಡಬಹುದು. ಆದರೆ ಆ ತುದಿಯನ್ನು ಮಗುಚಲು ಭಾರಿ ಕಾಂತಕ್ಷೇತ್ರ ಬೇಕಿತ್ತು. ಮೊದಲು ಮೈಕ್ರೋವೇವ್ ಅಲೆಯಿಂದ ಅದನ್ನು ಓಲಾಡಿಸಿದರೆ ಸಣ್ಣ ಕ್ಷೇತ್ರವೇ ಸಾಕು ಎಂದು ತೋರಿಸುವುದು ಅವಳ ಗುರಿ. ಜನವರಿಯಲ್ಲಿ ನೂರಕ್ಕೆ ಎಪ್ಪತ್ತು ಕಣಗಳು ಮಗುಚಿದವು. ಪ್ರಬಂಧ ವಿಜ್ಞಾನ ಪತ್ರಿಕೆಗೆ ಹೋಯಿತು.

ಮತ್ತೊಮ್ಮೆ ಅಳೆದು ತೋರಿಸಿ ಎಂದು ಅಲ್ಲಿಂದ ಪತ್ರ ಬರುವ ಹೊತ್ತಿಗೆ ಅಲೆ ಹೊಮ್ಮಿಸುವ ಪೆಟ್ಟಿಗೆ ಕೆಟ್ಟು ಕೂತಿತ್ತು. ಆರ್‌.ಟಿ. ನಗರದ ರಿಪೇರಿ ಅಂಗಡಿಯ ಅಬ್ರಾರ್ ಸುಟ್ಟ ಫ್ಯೂಸ್ ಬದಲಿಸಿ ಅದನ್ನು ಸರಿಮಾಡಿ ಕೊಟ್ಟರು. ಅಂದಿನಿಂದ ಮೂರು ವಾರ ಒಂದು ಕಣವೂ ಮಿಸುಕಲಿಲ್ಲ.

"ಮೊದಲ ಅಳತೆನೇ ತಪ್ಪಿರಬಹುದು," ಎಂದರು ಗೈಡ್ ಸತ್ಯವತಿ. "ಇನ್ನೊಂದು ವಾರ ನೋಡಮ್ಮ. ಆಗ್ಲಿಲ್ಲ ಅಂದ್ರೆ ಪೇಪರ್ ವಾಪಸ್ ತಗೊಳ್ಳೋಣ. ಅದ್ರಲ್ಲಿ ಅವಮಾನ ಏನಿಲ್ಲ."

ಜನವರಿಯಿಂದ ಈಚೆಗೆ ಬದಲಾದದ್ದು ಆ ಪೆಟ್ಟಿಗೆಯೊಂದೇ ಎಂದುಕೊಂಡಳು ಸಂಹಿತಾ. ಅದನ್ನು ಎತ್ತಿಕೊಂಡು ಆಟೋ ಹತ್ತಿದಳು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು, ಮಧ್ಯಾಹ್ನ ಅಬ್ರಾರ್ ಅಂಗಡಿ ತಲುಪಿದಳು. ಮೂವತ್ತು ವರ್ಷದಿಂದ ಪ್ರಯೋಗಾಲಯಗಳ ಯಂತ್ರ ಬಿಚ್ಚಿ ಜೋಡಿಸಿದ ಮನುಷ್ಯ ಅವರು.

"ಅಬ್ರಾರ್ ಭಾಯ್, ಫ್ಯೂಸ್ ಬಿಟ್ಟು ಇನ್ನೇನಾದ್ರೂ ಬದಲಾಯಿಸಿದ್ರಾ?"

"ಒಂದು ಕೆಪಾಸಿಟರ್ ಉಬ್ಬಿತ್ತು ಮೇಡಂ. ಹೊಸದು ಹಾಕ್ದೆ. ಹಳೇದ್ರಲ್ಲಿ ಪ್ರತಿ ಸಲ ಅಲೆ ಬಿಟ್ಟಾಗ್ಲೂ ವೋಲ್ಟೇಜ್ ಕುಸೀತಿತ್ತು. ಅದ್ರ ಜೊತೆ ಫ್ರೀಕ್ವೆನ್ಸಿನೂ ಕೆಳಕ್ಕೆ ಜಾರ್ತಿತ್ತು. ಈಗ ನೋಡಿ, ಗೆರೆ ಎಳೆದಂಗಿದೆ." ಅವರ ದನಿಯಲ್ಲಿ ಹೆಮ್ಮೆಯಿತ್ತು.

ಕಾರಣ ಅದೇ ಎಂದು ಸಂಹಿತಾಗೆ ಅಲ್ಲೇ ಹೊಳೆಯಿತು. ಕಣ ಹೆಚ್ಚು ಹೆಚ್ಚು ವಾಲಿದಂತೆ ಅದರ ಓಲಾಟ ನಿಧಾನವಾಗುತ್ತದೆ. ಅಲೆಯ ಫ್ರೀಕ್ವೆನ್ಸಿಯೂ ಜೊತೆಜೊತೆಗೆ ಇಳಿದರಷ್ಟೇ ಅಲೆ ಕಣವನ್ನು ಕೊನೆಯವರೆಗೆ ತಳ್ಳಬಲ್ಲದು. ಫ್ರೀಕ್ವೆನ್ಸಿ ಬದಲಾಗದ ಅಲೆ ಅರ್ಧದಲ್ಲೇ ತಾಳ ತಪ್ಪುತ್ತದೆ. ಜನವರಿಯಲ್ಲಿ ಕಣಗಳನ್ನು ಮಗುಚಿದ್ದು ಆ ಜಾರುವಿಕೆಯೇ.

"ಹಳೇದು ಇದ್ಯಾ? ಅದನ್ನೇ ವಾಪಸ್ ಹಾಕ್ಬೇಕು."

"ಕೆಟ್ಟಿದ್ದನ್ನಾ?" ಅಬ್ರಾರ್ ಮುಖ ಸಪ್ಪಗಾಯಿತು. "ಇಂಥ ಕೆಲಸ ನಾನು ಯಾವತ್ತೂ ಮಾಡಿಲ್ಲ ಮೇಡಂ."

ಅವಳು ಕಾಗದದ ಮೇಲೆ ಕಣದ ಚಿತ್ರ ಬರೆದು, ಅದು ವಾಲುವ ಬಗೆಯನ್ನು ಬಿಡಿಸಿ ಹೇಳಿದಳು. ಅವರು ಎರಡು ಸಲ ಕೇಳಿಸಿಕೊಂಡರು. ಆಮೇಲೆ ಗುಜರಿ ಡಬ್ಬ ತಡಕಿ ಆ ಕೆಪಾಸಿಟರ್ ಹುಡುಕಿ ತೆಗೆದರು. ಶಟರ್ ಎಳೆದು, "ನಾನೂ ಬರ್ತೀನಿ, ನನ್ನ ಕಣ್ಣಾರೆ ನೋಡ್ಬೇಕು," ಎಂದರು.

ಸಂಜೆ ಐದಕ್ಕೆ ಪ್ರಯೋಗಾಲಯದಲ್ಲಿ ಹಳೆಯ ಕೆಪಾಸಿಟರ್ ಹಾಕಿ ಅಲೆ ಬಿಟ್ಟರು. ಪರದೆಯ ಮೇಲೆ ಕಪ್ಪು ಚುಕ್ಕೆಗಳು ಒಂದರ ಹಿಂದೊಂದು ಮಗುಚಿ ಬೆಳ್ಳಗಾದವು. ನೂರಕ್ಕೆ ಅರವತ್ತೆಂಟು. ಸತ್ಯವತಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಆದ್ರೆ ಇದು ಹೆಚ್ಚು ದಿನ ಬಾಳಲ್ಲ," ಎಂದರು ಅಬ್ರಾರ್. "ಬೇಕಂತಲೇ ಜಾರೋ ಹಾಗೆ ಸರ್ಕ್ಯೂಟ್ ಕಟ್ಟೋಣ. ಎಷ್ಟು ಬೇಗ ಜಾರ್ಬೇಕು ಅನ್ನೋದು ನಿಮ್ಮ ಕೈಲಿರತ್ತೆ."

ಎರಡು ವಾರದಲ್ಲಿ ಕಟ್ಟಿಕೊಟ್ಟರು. ಜಾರುವ ವೇಗವನ್ನು ಹೊಂದಿಸುತ್ತ ಹೋದಂತೆ ಅರವತ್ತೆಂಟು ಎಂಬತ್ತಾಯಿತು, ತೊಂಬತ್ತನಾಲ್ಕಕ್ಕೆ ಹೋಗಿ ನಿಂತಿತು. ಸಂಹಿತಾ ಪ್ರಬಂಧವನ್ನು ಹೊಸದಾಗಿ ಬರೆದಳು. ಲೇಖಕರ ಸಾಲಿನಲ್ಲಿ ತನ್ನ ಹೆಸರಿನ ಪಕ್ಕ ಅಬ್ರಾರ್ ಹೆಸರು ಸೇರಿಸಿ, ಅವರಿಗೆ ಫೋನ್ ಮಾಡಿದಳು.

"ಪೇಪರಲ್ಲಿ ನಿಮ್ಮ ಹೆಸರನ್ನೂ ಹಾಕಿದೀನಿ. ಎಲ್ಲರ ಹೆಸರಿನ ಕೆಳಗೂ ವಿಳಾಸ ಕೊಡ್ಬೇಕು. ನಿಮ್ಮದು ಏನಂತ ಹಾಕ್ಲಿ?"

"ಅಂಗಡಿದು ಹಾಕಿದ್ರೆ ನಡಿಯುತ್ತಾ?" ಎಂದು ಅಬ್ರಾರ್ ಮೆಲ್ಲಗೆ ಕೇಳಿದರು.

"ನಡಿಯುತ್ತೆ, ಹೇಳಿ," ಎಂದು ಅವಳು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟಳು.