ಮರ ನುಂಗಿದ ಫಲಕ

ಆ ಬೀದಿಯವರು ಯಾರೂ ಅಲ್ಲಿ ಗಾಡಿ ನಿಲ್ಲಿಸುತ್ತಿರಲಿಲ್ಲ. ಯಾಕೆ ಎಂದು ಯಾರೂ ಹೇಳುತ್ತಲೂ ಇರಲಿಲ್ಲ.

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವವಳನ್ನು ಜನ ಸೂಜಿ ಅಕ್ಕ ಎಂದು ಕರೆಯುತ್ತಿದ್ದರು. ವಾರಕ್ಕೊಮ್ಮೆ, ಬೆಳಗಿನ ಮಂಜು ಕರಗುವ ಮುಂಚೆ, ಅವಳು ಆ ಬೀದಿಯ ಕೊನೆಯ ಮನೆಯ ಅಜ್ಜಿಯ ಬಳಿ ಹೋಗಬೇಕಿತ್ತು. ದೊಡ್ಡ ಮರದ ಪಕ್ಕ ಸ್ಕೂಟರ್ ನಿಲ್ಲಿಸುವಳು. ಡಬ್ಬಿಯೊಳಗಿನ ಸೀಸೆಗಳು ಅಲುಗದಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣನ್ನು ಅದರ ಮೇಲೇ ನೆಟ್ಟು ನಡೆಯುವಳು. ಹತ್ತು ನಿಮಿಷಕ್ಕೆ ವಾಪಸ್ಸು. ಅಷ್ಟರಲ್ಲಿ ಸೀಟಿನ ಮೇಲೆ ದಂಡದ ಚೀಟಿ. ನಿಲುಗಡೆ ನಿಷೇಧಿಸಿದ ಜಾಗವಂತೆ.

ಮೊದಲ ಸಲ, ತಲೆ ತಗ್ಗಿಸಿ ನಡೆಯುವ ತನ್ನದೇ ತಪ್ಪು ಎಂದುಕೊಂಡಳು. ಎರಡನೇ ಸಲ ಆಚೀಚೆ ನೋಡಿಯೇ ನಿಲ್ಲಿಸಿದಳು. ಆಗಲೂ ಚೀಟಿ. ಮೂರನೇ ಸಲ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಹೋದಳು. ಮಂಜು, ಮರ, ಸ್ಕೂಟರ್, ಅಷ್ಟೇ. ಒಂದು ನಾಯಿಯೂ ಇಲ್ಲ. ಅಜ್ಜಿಯ ಮನೆಯಿಂದ ಓಡೋಡಿ ಬಂದರೆ ಚೀಟಿ ಕಾದಿತ್ತು. ಶಾಯಿ ಇನ್ನೂ ಹಸಿಯಾಗಿತ್ತು. ಕೇಳೋಣವೆಂದು ಎದುರು ಮನೆಯ ಬಾಗಿಲು ತಟ್ಟಿದಳು. ಒಳಗೆ ಯಾರೋ ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ಗೊತ್ತಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಈ ಸಲ ಚೀಟಿಯ ಕೆಳಗೆ ಇನ್ನೂ ಒಂದು ಸಾಲಿತ್ತು: ಇದು ಮೂರನೆಯದು, ಹದಿನಾಲ್ಕು ದಿನದೊಳಗೆ ತಕರಾರು ಬಾರದಿದ್ದರೆ ಲೈಸೆನ್ಸ್ ಅಮಾನತು. ಲೈಸೆನ್ಸ್ ಇಲ್ಲದವಳನ್ನು ಲ್ಯಾಬಿನವರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

ಗಂಡ ಬಡಗಿ. ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ.

"ಸೀಲ್ ಬಿದ್ದ ಮೇಲೆ ಮುಗೀತು ಕಣೇ. ನಿನ್ನ ಮಾತು ಯಾರು ಕೇಳ್ತಾರೆ? ಮನೇಲೇ ನಿನ್ನ ದನಿ ಅಡಿಗೆಮನೆ ದಾಟಲ್ಲ." ಆಮೇಲೆ ಅವಳ ಮುಖ ನೋಡಿ ಮೆತ್ತಗಾದ. "ಅಲ್ಲ, ಯಾರೂ ಇಲ್ದೇ ಚೀಟಿ ಹೇಗೆ ಬರುತ್ತೆ? ದೆವ್ವಕ್ಕೇನಾದ್ರೂ ಸರ್ಕಾರಿ ನೌಕರಿ ಸಿಕ್ತೋ ಏನೋ."

"ದೆವ್ವ ಆಗಿದ್ರೆ ನಂಬರ್ ಹಾಕಿ ಚೀಟಿ ಕೊಡ್ತಿರಲಿಲ್ಲ ಬಿಡಪ್ಪ," ಎಂದರು ಬಾಗಿಲಲ್ಲಿ ನಿಂತಿದ್ದ ಪೇಂಟರ್ ಮಾವ. ಮಹಡಿ ಮನೆಯ ಈ ಮುದುಕರು ಮೂವತ್ತು ವರ್ಷ ರಸ್ತೆ ಫಲಕಗಳಿಗೆ ಬಣ್ಣ ಬಳಿದವರು. ಚೀಟಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿದರು. ತಕರಾರು ಎಲ್ಲಿಗೆ ಕೊಡಬೇಕು, ಹೇಗೆ ಕೊಡಬೇಕು, ಎಲ್ಲ ಅಲ್ಲೇ ಇತ್ತು.

"ಕಂಬ ನೆಟ್ಟುಬಿಟ್ರೆ ಫಲಕ ಆಗಲ್ಲ ಮಗಳೇ. ಗಾಡಿ ಮೇಲೆ ಬರೋಳ ಕಣ್ಣಿಗೆ ಬೀಳಬೇಕು. ನಾಳೆ ಅದೇ ಹೊತ್ತಿಗೆ ಹೋಗೋಣ."

ಮರುದಿನ ಗಾಡಿಯನ್ನು ದೂರದ ಪೇಟೆಯಲ್ಲಿ ಬಿಟ್ಟು ಇಬ್ಬರೂ ನಡೆದು ಹೋದರು. ಮಾವ ಮರದ ಸುತ್ತ ಒಂದು ಸುತ್ತು ಹಾಕಿ, ಒಂದು ಕಡೆ ತೊಗಟೆಯ ಮೇಲೆ ಅಂಗೈ ಇಟ್ಟು ನಿಂತರು. ಅವಳೂ ಮುಟ್ಟಿ ನೋಡಿದಳು. ತೊಗಟೆಯ ನಡುವೆ ಏನೋ ತಣ್ಣಗಿತ್ತು. ಕಬ್ಬಿಣ. ಮರ ವರ್ಷಾನುವರ್ಷ ಬೆಳೆದು ಕಂಬವನ್ನೂ ಫಲಕವನ್ನೂ ನುಂಗಿಬಿಟ್ಟಿತ್ತು. ಹೊರಗೆ ಉಳಿದದ್ದು ಉಗುರಿನಷ್ಟು ಕೆಂಪು, ಅರೆಮುಚ್ಚಿದ ಕಣ್ಣಿನ ಹಾಗೆ.

ಆಗ ಪಕ್ಕದ ಸಂದಿಯಿಂದ ರಬ್ಬರ್ ಬೂಟಿನ ಮನುಷ್ಯನೊಬ್ಬ ಸದ್ದಿಲ್ಲದೆ ಹೊರಬಂದ. ಕೈಯಲ್ಲಿ ಚೀಟಿ ಪುಸ್ತಕ. ಖಾಲಿ ಜಾಗವನ್ನು ಒಮ್ಮೆ ನೋಡಿ, ಮರದ ಕಡೆ ಕತ್ತೆತ್ತದೆ, ಬಂದ ಹಾಗೇ ಮಂಜಿನೊಳಗೆ ಹೋದ.

ಮಾವ ಹೇಳಿಕೊಟ್ಟ ಹಾಗೆ ಅವಳು ಫೋಟೋ ತೆಗೆದಳು: ಬೀದಿಯ ಎರಡೂ ತುದಿಯಿಂದ, ಸ್ಕೂಟರ್ ಸವಾರರ ಕಣ್ಣಿನ ಎತ್ತರದಿಂದ, ಆಮೇಲೆ ಹತ್ತಿರದಿಂದ. ತಾರೀಖು, ಸಮಯ ಬರೆದಳು. ಅರ್ಜಿ ಒಂದೇ ಪುಟ. ಅದರಲ್ಲಿ ಅಳಲೂ ಇಲ್ಲ, ಬೈಗುಳವೂ ಇಲ್ಲ. ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡಳು.

ವಿಚಾರಣೆಯ ದಿನ ಅಧಿಕಾರಿ, "ನಮ್ಮ ದಾಖಲೆಯಲ್ಲಿ ಫಲಕ ಇದೆ," ಎಂದರು. ಹಿಂದೆ ಕೂತಿದ್ದ ಗಂಡ ನೆಲ ನೋಡುತ್ತಿದ್ದ.

"ದಾಖಲೇಲಿ ಇದೆ ಸಾರ್. ಬೀದೀಲಿ ಇಲ್ಲ," ಎಂದಳು. ದನಿ ಸಣ್ಣದೇ, ಆದರೆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಅಧಿಕಾರಿ ಆ ಬೀದಿಯ ದಾಖಲೆ ಪುಸ್ತಕ ತರಿಸಿದರು. ಪುಟ ತಿರುಗಿಸಿದರು, ಇನ್ನೊಂದು, ಮತ್ತೊಂದು. ಹನ್ನೊಂದು ವರ್ಷದ ಚೀಟಿಗಳು. ಕೆಲವು ಅದೇ ಬೀದಿಯ ಮನೆಗಳವರವು. ಕೊನೆಯಲ್ಲಿ 'ತಕರಾರು' ಎಂಬ ಅಂಕಣ. ಪ್ರತಿ ಪುಟದಲ್ಲೂ ಅದು ಮೇಲಿಂದ ಕೆಳಗೆ ಬಿಳಿಯಾಗಿತ್ತು. ಅಷ್ಟೊಂದು ಜನ, ಒಬ್ಬರೂ ಬಾಯಿ ತೆರೆದಿರಲಿಲ್ಲ.

ಅಧಿಕಾರಿ ಪೆನ್ನು ತೆಗೆದು ಆ ಬಿಳಿ ಅಂಕಣದಲ್ಲಿ ಮೊದಲ ಸಾಲು ಬರೆದರು. ಮೂರೂ ಚೀಟಿ ರದ್ದು. ಲೈಸೆನ್ಸ್ ಉಳಿಯಿತು.

ಮೆಟ್ಟಿಲು ಇಳಿಯುವಾಗ ಗಂಡ ಅರ್ಧದಲ್ಲೇ ನಿಂತ.

"ಹೋದ ತಿಂಗಳು ಮರದ ಡಿಪೋ ಹತ್ರ ನಂಗೂ ಒಂದು ಹಾಕಿದ್ರಲ್ಲ, ಸುಮ್ನೆ ಕಟ್ಟಿಬಂದೆ," ಎಂದ. "ಅಲ್ಲಿ ಫಲಕ ಇತ್ತಾ ಅಂತ ನಾನು ನೋಡ್ಲೇ ಇಲ್ಲ ಕಣೇ. ಹೋಗೋಣ ಬಾ, ನೋಡ್ಕೊಂಡು ಬರೋಣ."

ಓದುವ ಅಕ್ಕ, ಅಣ್ಣ, ನಿಯಮ ಇರುವುದು ಪಾಲಿಸಲಿಕ್ಕೇ. ಆದರೆ ಕಣ್ಣಿಗೆ ಕಾಣಿಸದ ನಿಯಮವನ್ನು ಪಾಲಿಸುವುದು ಹೇಗೆ? ಚೀಟಿ ಬಂದ ದಿನವೇ ಅದರ ಹಿಂಬದಿ ಓದಿ, ಗಡುವು ಗುರುತು ಹಾಕಿಕೊಳ್ಳಿ. ಹಣ ಕಟ್ಟಿದರೆ ತಪ್ಪೊಪ್ಪಿದಂತೆ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಆ ಜಾಗಕ್ಕೆ ಹೋಗಿ ಫೋಟೋ ತೆಗೆಯಿರಿ. ಫಲಕ ಸರಿಯಾಗಿ ಕಂಡರೆ ದಂಡ ಕಟ್ಟಿ, ಕಾಣದಿದ್ದರೆ ಬರೆದು ಕೊಡಿ. ನಿಮ್ಮ ಹಿಂದೆಯೇ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಲು ಇನ್ನೊಬ್ಬರು ಬರುತ್ತಿರುತ್ತಾರೆ.