ಕೆಂಪಿನ ಸುತ್ತ ಎಳೆದ ಗೆರೆ

"ಇನ್ಮೇಲೆ ಮನೇಲಿ ನಿನ್ನೊಬ್ಬನ್ನೇ ಬಿಟ್ಟು ನಾನು ಹೊಸಿಲು ದಾಟಲ್ಲ, ಆಯ್ತಾ? ಈಗ ಮಲಕ್ಕೋ" ಎಂದು ಅವಳು ಅಣ್ಣನಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಕೊಟ್ಟದ್ದು ಆಸ್ಪತ್ರೆಯ ಮಂಚದ ಪಕ್ಕ ನಿಂತು. ಅಣ್ಣ ಲಿಫ್ಟ್ ಮೆಕ್ಯಾನಿಕ್. ರಜೆಯ ದಿನ ಖಾಲಿ ಕಟ್ಟಡವೊಂದರ ಲಿಫ್ಟಿನ ಗುಂಡಿಗೆ ಇಳಿದವನು ಕಾಲು ಜಾರಿ, ಸೊಂಟ ಮುರಿದುಕೊಂಡು ಹದಿನಾಲ್ಕು ಗಂಟೆ ಕತ್ತಲಲ್ಲಿ ಬಿದ್ದಿದ್ದ. ಕೂಗಿ ಕೂಗಿ ಗಂಟಲು ಕಟ್ಟಿದರೂ ಒಂದು ನರಪಿಳ್ಳೆ ಅತ್ತ ಸುಳಿಯಲಿಲ್ಲ. ಎರಡು ಕಾಲೂ ಹೋದವು. ಅದಕ್ಕಿಂತ ಹೆಚ್ಚಾಗಿ, ಒಬ್ಬನೇ ಇರುವ ಧೈರ್ಯ ಹೋಯಿತು. ಮನೆಯಲ್ಲಿ ಮನುಷ್ಯರ ಸದ್ದಿಲ್ಲ ಎಂದು ಗೊತ್ತಾದರೆ ಐದೇ ನಿಮಿಷಕ್ಕೆ ಬೆವರು, ಏದುಸಿರು, ಆಮೇಲೆ ಆ ಕೂಗು.

ಮಾತಿಗೆ ತಕ್ಕಂತೆ ಅವಳು ತನ್ನ ಬದುಕನ್ನೇ ಕತ್ತರಿಸಿ ಹೊಲಿದುಕೊಂಡಳು. ಹಳೆಯ ಸೋಫಾಗಳಿಗೆ ಹೊಸ ಮೈ ಹೊದಿಸುವುದು ಅವಳ ಕಸುಬು. ಅಂಗಡಿ ಬಿಟ್ಟು ಕೆಲಸವನ್ನು ಮನೆಯ ಮುಂದಿನ ಕೋಣೆಗೆ ತಂದಳು. ಮನೆ ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಂಥದ್ದೇ ಬೇಕೆಂದು ಅಣ್ಣ ಹಟ ಹಿಡಿದು ಆರಿಸಿದ್ದ. ಸೋಫಾಗಳು ಆಳುಗಳ ಹೆಗಲೇರಿ ಮೇಲೆ ಬರುತ್ತಿದ್ದವು, ಮೈ ತುಂಬಿಕೊಂಡು ಕೆಳಗೆ ಹೋಗುತ್ತಿದ್ದವು. ಅವಳು ಮಾತ್ರ ಅಲ್ಲೇ. ಎದುರು ಮನೆಯ ನಿವೃತ್ತ ಟೀಚರಮ್ಮ ಬಂದು ಅಣ್ಣನ ಹತ್ತಿರ ಕೂತರೆ ಮುಕ್ಕಾಲು ಗಂಟೆ ಹೊರಗಿನ ಗಾಳಿ, ಇಲ್ಲದಿದ್ದರೆ ಇಲ್ಲ.

ಹಳೆಯ ಸೋಫಾದೊಳಕ್ಕೆ ಕೈ ಹಾಕುವ ಮೊದಲು ಅದರ ಬೆನ್ನಿಗೆ ಮರದ ಕೊಡತಿಯಿಂದ ಮೂರು ಏಟು ಕೊಡಬೇಕು. ಒಳಗೆ ಸಂಸಾರ ಹೂಡಿದ ಹುಳುಹುಪ್ಪಟೆ ಜಾಗ ಖಾಲಿ ಮಾಡಲಿ ಎಂದು. 'ನೋಟಿಸ್ ಕೊಡೋದು' ಎನ್ನುತ್ತಾರೆ ಆ ಕಸುಬಿನವರು. ಅವತ್ತು ಬೆಳಿಗ್ಗೆ ಅವಳು ನೋಟಿಸ್ ಕೊಡಲಿಲ್ಲ. ಇಡೀ ರಾತ್ರಿ ಬೆನ್ನುನೋವಿನಿಂದ ನರಳಿದ ಅಣ್ಣನಿಗೆ ಆಗಷ್ಟೇ ಜೊಂಪು ಹತ್ತಿತ್ತು. ಸದ್ದು ಮಾಡುವುದು ಬೇಡವೆಂದು ಬಲಗೈಯನ್ನು ಮೊಣಕೈವರೆಗೂ ಮೆಲ್ಲಗೆ ತೂರಿಸಿದಳು.

ಮಣಿಕಟ್ಟಿನ ಒಳಗಡೆ ಚುಳ್ ಎಂದಿತು. ಮೊಳೆ, ಅಂದುಕೊಂಡಳು. ಮೊಳೆ ಚುಚ್ಚದ ದಿನವೇ ಆ ಕೈಗೆ ಇರಲಿಲ್ಲ. ಏಪ್ರನ್‌ಗೆ ಒರೆಸಿಕೊಂಡು, ಬಾಯ್ತುಂಬ ಸಣ್ಣ ಮೊಳೆ ಕಚ್ಚಿಕೊಂಡು ಕೆಲಸ ಮುಂದುವರಿಸಿದಳು.

ಗಂಟೆ ಕಳೆಯುವಷ್ಟರಲ್ಲಿ ಆ ಜಾಗ ಕೆಂಡದಂತೆ ಉರಿಯತೊಡಗಿತು. ಬೆಳಕಿಗೆ ಹಿಡಿದು ನೋಡಿದಳು. ಮೊಳೆ ಚುಚ್ಚಿದರೆ ರಕ್ತ ಬರುತ್ತದೆ, ಹತ್ತು ನಿಮಿಷಕ್ಕೆ ತಣ್ಣಗಾಗುತ್ತದೆ. ಇಲ್ಲಿ ರಕ್ತದ ಕಲೆಯೇ ಇಲ್ಲ. ಪಕ್ಕಪಕ್ಕದಲ್ಲಿ ಎರಡು ಚುಕ್ಕೆ, ಸುತ್ತ ಗಟ್ಟಿಯಾದ ಬಾವು, ಬಿಸಿ. ಸೋಫಾವನ್ನು ಮಗುಚಿ ಹಾಕಿ, ತಳದ ಗೋಣಿಬಟ್ಟೆಯನ್ನು ಕಿತ್ತಳು. ಮೂಲೆಯಲ್ಲಿ ಬಿಳಿ ಬಲೆಯ ಉಂಡೆ. ಅದರ ಹಿಂದಿನಿಂದ ಕಂದು ಬಣ್ಣದ್ದೇನೋ ಎಂಟು ಕಾಲಿನಲ್ಲಿ ಓಡಿತು. ತಲೆ ಯೋಚಿಸುವ ಮೊದಲೇ ಎಡಗೈ ಕೊಡತಿಯನ್ನು ಬೀಸಿತ್ತು.

"ಏನೇ ಗುಂಡುಸೂಜಿ, ಮನೆ ಬೀಳಿಸ್ತಿದ್ದೀಯಾ?" ಒಳಗಿನಿಂದ ಅಣ್ಣ.

"ಜೇಡ ಕಣೋ. ಕಚ್ಚಿದೆ ಅನ್ಸುತ್ತೆ."

"ತಗೊಂಬಾ ಇಲ್ಲಿ, ನೋಡೋಣ."

ರಟ್ಟಿನ ತುಂಡಿನ ಮೇಲೆ ಕೆರೆದುಕೊಂಡು ಬಂದದ್ದನ್ನು ಅವನು ಕನ್ನಡಕ ಏರಿಸಿ ನೋಡಿದ. "ಇದು ಜೇಡನಾ? ಟೀ ಪುಡಿ ಇದ್ದ ಹಾಗಿದೆ."

ಕ್ಲಿನಿಕ್ಕಿನ ನರ್ಸಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಹೊಡೆದುಬಿಟ್ರಾ? ಡಬ್ಬಿ ಮುಚ್ಚಿ ಹಿಡ್ಕೋಬೇಕಿತ್ತಮ್ಮ, ಯಾವುದು ಅಂತ ಗೊತ್ತಾಗ್ತಿತ್ತು. ಹೋಗ್ಲಿ, ಬೆನ್ನ ಮೇಲೆ ಏನಾದ್ರೂ ಗುರುತಿತ್ತಾ?"

"ಬೆನ್ನೇ ಇಲ್ಲ ಸಿಸ್ಟರ್" ಎಂದ ಅಣ್ಣ.

ನರ್ಸ್ ನಗಲಿಲ್ಲ. "ಹೆಚ್ಚಿನವು ಏನೂ ಮಾಡಲ್ಲ, ಎರಡು ದಿನ ಉರಿದು ಸುಮ್ಮನಾಗುತ್ತೆ. ಸೋಪು ನೀರಲ್ಲಿ ಚೆನ್ನಾಗಿ ತೊಳೀರಿ. ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಡಿ, ತೆಗೀರಿ, ಮತ್ತೆ ಇಡಿ. ಬಳೆ, ಉಂಗುರ ಈಗ್ಲೇ ಬಿಚ್ಚಿ. ಕುಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು, ಈ ಯಾವ ಪ್ರತಾಪನೂ ಬೇಡ. ಕೆಂಪು ಎಲ್ಲೀವರೆಗಿದೆಯೋ ಅಲ್ಲಿಗೆ ಸರಿಯಾಗಿ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೀರಿ. ಗೆರೆ ದಾಟಿದ್ರೆ, ಹೊಟ್ಟೆ ಹಿಡ್ಕೊಂಡ್ರೆ, ಉಸಿರು ಕಟ್ಟಿದ್ರೆ, ಕಾಯಬೇಡಿ, ಬಂದ್ಬಿಡಿ."

"ನೀವೇ ಯಾರನ್ನಾದ್ರೂ ಕಳಿಸೋಕೆ ಆಗಲ್ವಾ? ನಾನು ಹೊರಗೆ ಬರೋದು ಸ್ವಲ್ಪ ಕಷ್ಟ."

"ಇರೋದು ಒಂದು ಆ್ಯಂಬುಲೆನ್ಸು, ಆಕ್ಸಿಡೆಂಟ್ ಅಂತ ದೂರ ಹೋಗಿದೆ. ಬರೋದು ಮೂರು ಗಂಟೆ ಮೇಲೇ. ನಡ್ಕೊಂಡ್ರೆ ಹತ್ತು ನಿಮಿಷದ ದಾರಿ ಅಲ್ವೇನಮ್ಮ ನಿಮಗೆ?"

ಹತ್ತು ನಿಮಿಷದ ದಾರಿ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ.

ಟೀಚರಮ್ಮ ಹಲ್ಲು ತೋರಿಸಲು ಹೋದವರು ಸಂಜೆಗೇ ಬರುವುದು. ಬಾಗಿಲು ತೆರೆದು ಹೊಸಿಲ ಮೇಲೆ ನಿಂತು ನೋಡಿದರೆ, ಆ ಮಹಡಿಯ ಬಾಗಿಲುಗಳೆಲ್ಲ ಬೀಗದ ಮೂತಿ ಮುಂದೆ ಮಾಡಿಕೊಂಡು ನಿಂತಿದ್ದವು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಬಟ್ಟೆ ತಂದುಕೊಡುವ ವ್ಯಾಪಾರಿಗೆ ಫೋನ್ ಮಾಡಿದಳು. ಪಕ್ಕದೂರಿನಲ್ಲಿದ್ದೀನಿ, ನಾಲ್ಕಕ್ಕೆ ಬರ್ತೀನಿ, ಎಂದ.

ಕೈ ತೊಳೆದು, ಉಂಗುರ ತೆಗೆದು ಅಣ್ಣನ ಮಂಚದ ಅಂಚಿಗೆ ಬಂದು ಕೂತಳು. ಬಲಗೈಗೆ ಕಚ್ಚಿದ್ದರಿಂದ ಗೆರೆ ಎಳೆಯುವ ಕೆಲಸ ಅವನದಾಯಿತು. ಕೂದಲೆಳೆಯ ವ್ಯತ್ಯಾಸವನ್ನು ಕಣ್ಣಲ್ಲೇ ಅಳೆಯುತ್ತಿದ್ದ ಮೆಕ್ಯಾನಿಕ್. ಆದರೆ ಆ ಗೆರೆಯನ್ನು ಅವನು ಕೆಂಪಿನ ಅಂಚಿಗೆ ಎಳೆಯಲಿಲ್ಲ, ಅರ್ಧ ಬೆರಳು ಆಚೆಗೆ ಎಳೆದ. ಪಕ್ಕದಲ್ಲಿ '11.40' ಎಂದು ಬರೆದ. ಅವಳು ನೋಡಿದಳು. ಏನೂ ಹೇಳಲಿಲ್ಲ.

ಯಾಕೆಂದರೆ ಅವಳಿಗೆ ತನ್ನ ಮೇಲೇ ಅನುಮಾನ ಬಂದಿತ್ತು. 'ಬಂದ್ಬಿಡಿ' ಎಂದು ನರ್ಸ್ ಹೇಳಿದಾಗ ಎದೆಯಲ್ಲಿ ಏನೋ ಹಗುರವಾಗಿ ಎದ್ದಿತ್ತು. ರಸ್ತೆ, ಬಿಸಿಲು, ಯಾರದ್ದೋ ಸೈಕಲ್ಲಿನ ಬೆಲ್ಲು, ಮೆಟ್ಟಿಲಿಳಿಯುವ ತನ್ನದೇ ಕಾಲು ಕಣ್ಣ ಮುಂದೆ ಬಂದಿದ್ದವು. ಒಂಬತ್ತು ವರ್ಷಕ್ಕೆ ಒಂದು ನೆವ ಸಿಕ್ಕಿತು ಎಂದು ಮೈಯೇ ನಾಟಕ ಕಟ್ಟುತ್ತಿದೆಯೇ? ಈ ಉರಿ ಜೇಡದ್ದೋ ನನ್ನದೋ?

ಒಂದು ಗಂಟೆಗೆ ಕೆಂಪು ಆ ಗೆರೆಯನ್ನು ಮುಟ್ಟಿತು. ಐಸು ಕರಗಿ ಹಾಸಿಗೆ ಒದ್ದೆಯಾಯಿತು. "ಉರಿ ಹೇಗಿದೆ?" ಎಂದು ಅಣ್ಣ ಕೇಳಿದಾಗಲೆಲ್ಲ "ಇದೆ" ಎಂದಳು. ಅವನು ಟೀ ಪುಡಿಯ ಜೋಕನ್ನು ಮತ್ತೊಮ್ಮೆ ಹೇಳಿದ. ಇಬ್ಬರೂ ನಗಲಿಲ್ಲ. ಗಡಿಯಾರವನ್ನು ಇಬ್ಬರೂ ಕದ್ದು ನೋಡುತ್ತಿದ್ದರು.

ಎರಡು ಗಂಟೆಗೆ ಹೊಟ್ಟೆ ಹಿಡಿದುಕೊಂಡಿತು, ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಅಡುಗೆಮನೆಗೆ ಹೋಗಿ ಕಟ್ಟೆ ಹಿಡಿದು ಬಾಗಿ ನಿಂತಳು. ಸದ್ದು ಮಾಡಬಾರದೆಂದು ತುಟಿ ಕಚ್ಚಿದಳು. ಬೆವರು ಮೂಗಿನ ತುದಿಯಿಂದ ಕಟ್ಟೆಯ ಮೇಲೆ ತೊಟ್ಟಿಕ್ಕಿತು. ಇದು ನಾಟಕವಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು.

ವಾಪಸು ಬಂದಾಗ ಅಣ್ಣ ಅವಳ ಮುಖ ನೋಡಿದ. "ಕೈ ಕೊಡು."

ಕೊಟ್ಟಳು. ಕೆಂಪು ಆ ಗೆರೆಯನ್ನು ದಾಟಿ ಮೊಣಕೈ ಕಡೆಗೆ ಹರಿದಿತ್ತು.

"ನಾನು ಗೆರೆ ಆಚೆಗೆ ಹಾಕಿದ್ದೆ" ಎಂದ.

"ಗೊತ್ತು. ನೋಡಿದೆ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ? ಬಾಯಲ್ಲಿ ಮೊಳೆ ಇತ್ತಾ?"

"ನಾನು ಸುಮ್ಮನೆ ಹೊರಗೆ ಹೋಗೋಕೆ ನೆಪ ಹುಡುಕ್ತಿದ್ದೀನೇನೋ ಅನ್ಸಿತ್ತು ಕಣೋ."

ಅವನು ತಾನು ಬರೆದ '11.40'ರ ಮೇಲೆ ಬೆರಳಾಡಿಸಿದ. ಆಮೇಲೆ, "ಹೋಗಬೇಕು ಅನ್ಸುತ್ತಾ ನಿನಗೆ? ಹಾಗೇ, ಸುಮ್ಮನೆ?"

"ದಿನಾ."

"ದಿನಾನಾ?"

"ಹೂಂ. ಫೋನ್ ಆನ್ ಇಟ್ಕೊಂಡು ಹೋಗ್ತೀನಿ, ದಾರಿಯುದ್ದಕ್ಕೂ ನಿನ್ನ ಜತೆ ಮಾತಾಡ್ತಾ..."

"ಬೇಡ. ಅವತ್ತು ಗುಂಡೀಲಿ ಫೋನು ಮೂರಡಿ ದೂರದಲ್ಲಿ ಬಡ್ಕೋತಾನೇ ಇತ್ತು. ಫೋನ್ ಬೇಡ." ಅವನ ಹಣೆಯ ಮೇಲೆ ಆಗಲೇ ಬೆವರು ಮೂಡಿತ್ತು. "ಹೋಗು. ನಾನೇನು ಮಗುನಾ? ಹೋಗು ಅಂದೆ ಅಲ್ವಾ."

ಹೋಗು ಎಂದ ಬಾಯಿ ಬೇರೆ, ಕೈ ಬೇರೆ. ಅವನ ಎಡಗೈ ಅವಳ ಏಪ್ರನ್ನಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಹಿಡಿದದ್ದು ಅವನಿಗೇ ಗೊತ್ತಿತ್ತೋ ಇಲ್ಲವೋ. ಅವಳು ಏಪ್ರನ್ ಬಿಚ್ಚಿ ಬಿಟ್ಟುಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಕೂತು, ಬಾಧೆಯಿಲ್ಲದ ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳಿಗೆ ಬರುವಷ್ಟರಲ್ಲಿ ಅವನ ಉಸಿರು ಜೋರಾಗಿತ್ತು.

ಬಾಗಿಲನ್ನು ಪೂರ್ತಿ ತೆರೆದೇ ಇಟ್ಟಳು. ಮೂರನೇ ಮಹಡಿಗೆ ಇಳಿದಾಗ ಮೇಲಿನಿಂದ ಆ ಕೂಗು ಶುರುವಾಯಿತು. ಅವಳು ಗೋಡೆ ಹಿಡಿದು ನಿಂತಳು, ಹೊಟ್ಟೆ ಮತ್ತೆ ಹಿಂಡಿತು, ಮತ್ತೆ ಇಳಿದಳು.

ಅಣ್ಣನಿಗೆ ಕೊಟ್ಟ ಮಾತನ್ನು ಅವಳು ಅವತ್ತು ಮಧ್ಯಾಹ್ನ ಎರಡೂವರೆಗೆ ಮುರಿದಳು.