ಕೂದಲೆಳೆಯಷ್ಟು ಎತ್ತರ

ಅಣ್ಣನಿಗೆ ಬುದ್ಧಿ ಸಾಲದು ಎಂದು ಯಾರೂ ಹೇಳುವಂತಿರಲಿಲ್ಲ. ಆದದ್ದೆಲ್ಲ ಬುದ್ಧಿ ಸ್ವಲ್ಪ ಹೆಚ್ಚಾಗಿದ್ದರಿಂದಲೇ ಆದದ್ದು.

ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಅವನದೊಂದು ಹಲ್ಲಿನ ಲ್ಯಾಬ್. ದಂತವೈದ್ಯರು ರೋಗಿಯ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅಳತೆ ಕಳಿಸುತ್ತಾರೆ. ಇಲ್ಲಿ ಕಂಪ್ಯೂಟರು ಆ ಅಳತೆಯಿಂದ ದವಡೆಯ ಮಾದರಿಯೊಂದನ್ನು ಮಾಡಿಕೊಡುತ್ತದೆ, ಅದರ ಮೇಲೆ ಕೂರುವ ಹಲ್ಲಿನ ಕ್ಯಾಪನ್ನೂ ಕೆತ್ತಿಸಿಕೊಡುತ್ತದೆ. ಲ್ಯಾಬಿನಲ್ಲಿ ಇರುವವರು ಮೂವರೇ. ಫೋನು, ಪಾರ್ಸೆಲ್ಲು ಅತ್ತಿಗೆಯ ಪಾಲು. ಡಾಕ್ಟರುಗಳನ್ನು ಮಾತಾಡಿಸಿ ಕೆಲಸ ತರುವುದು, ಯಂತ್ರಗಳ ಯೋಗಕ್ಷೇಮ ನೋಡುವುದು ಅಣ್ಣನದು. ಹಲ್ಲು ಮಾತ್ರ ತಂಗಿಯದು. ಕ್ಯಾಪು ಹಲ್ಲಿನ ಮೇಲೆ ಎಲ್ಲಿಗೆ ಮುಗಿಯಬೇಕೆಂದು ಪರದೆಯ ಮೇಲೆ ಅಂಚಿನ ಗೆರೆ ಎಳೆಯುವವಳೂ ಅವಳೇ, ಕೆತ್ತಿ ಬಂದದ್ದನ್ನು ಉಜ್ಜಿ ಹೊಳಪು ಕೊಡುವವಳೂ ಅವಳೇ. ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡುತ್ತಿದ್ದ ಅವಳನ್ನು ಡಾಕ್ಟರುಗಳೆಲ್ಲ ಹಲ್ಲಕ್ಕ ಎನ್ನುತ್ತಿದ್ದರು.

ಲ್ಯಾಬು ಅಣ್ಣನ ಹೆಸರಿನಲ್ಲಿತ್ತು. ಅವಳು ಮಲಗುತ್ತಿದ್ದ ಕೋಣೆಯೂ ಅಣ್ಣನ ಮನೆಯದೇ. "ಹಲ್ಲಕ್ಕನ ಕೈಯ ಕ್ಯಾಪಾ? ಹಾಕಿ ಮರೆತುಬಿಡಿ" ಎಂದು ಡಾಕ್ಟರುಗಳು ರೋಗಿಗಳಿಗೆ ಹೇಳುತ್ತಿದ್ದ ಮಾತೊಂದು ಮಾತ್ರ ಅವಳ ಸ್ವಂತ ಆಸ್ತಿ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಈ ಮಾದರಿ, ಕ್ಯಾಪು ಮಾಡಿಸುವ ಸಾಫ್ಟ್‌ವೇರು ಕೊಂಡಾಗ ಜೊತೆಗೊಂದು ಡಾಂಗಲ್ ಬಂದಿತ್ತು. ಹೆಬ್ಬೆರಳಿನ ಉಗುರಿನಷ್ಟೇ ಪುಟ್ಟ ತುಂಡು. ಅದು ಕಂಪ್ಯೂಟರಿಗೆ ಚುಚ್ಚಿಕೊಂಡಿದ್ದರೆ ಸಾಫ್ಟ್‌ವೇರು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಕಳ್ಳಪ್ರತಿ ಮಾಡುವವರ ಕಾಟಕ್ಕೆ ಕಂಪನಿ ಮಾಡಿಕೊಂಡ ಉಪಾಯ. ಡಾಂಗಲ್ ಕಳೆದರೆ ಸಾಫ್ಟ್‌ವೇರನ್ನೇ ಮತ್ತೊಮ್ಮೆ ಕೊಳ್ಳಬೇಕು ಎಂದು ಅದರ ಡಬ್ಬಿಯ ಮೇಲೇ ಬರೆದಿತ್ತು. ಒಮ್ಮೆ ಕಸದ ಜೊತೆ ಗುಡಿಸಿಹೋಗಿ, ಅರ್ಧ ದಿನ ಪ್ಲಾಸ್ಟರ್ ಪುಡಿಯನ್ನೆಲ್ಲ ಜರಡಿ ಹಿಡಿದ ಮೇಲೆ ಸಿಕ್ಕಿತು. ಅವತ್ತೇ ಅಣ್ಣ ಅದನ್ನು ಕಂಪ್ಯೂಟರಿಗೆ ಚುಚ್ಚಿ, ಸುತ್ತಲೂ ಗುಲಾಬಿ ಅಕ್ರಿಲಿಕ್ ಮೆತ್ತಿ ಗಟ್ಟಿ ಮಾಡಿಬಿಟ್ಟ. ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಅಕ್ರಿಲಿಕ್ ಅದು, ಒಮ್ಮೆ ಗಟ್ಟಿಯಾದರೆ ಕಲ್ಲು.

"ಕಂಪ್ಯೂಟರಿಗೆ ಒಸಡು ಬಂತು, ಇನ್ನು ಹಲ್ಲುಜ್ಜಿಸೋದೊಂದು ಬಾಕಿ" ಎಂದಳು ಅತ್ತಿಗೆ. ಮೂವರೂ ನಕ್ಕರು.

ಹನ್ನೊಂದು ತಿಂಗಳಿಗೆ ಆ ಕಂಪ್ಯೂಟರು ಸುಟ್ಟುಹೋಯಿತು. ರಿಪೇರಿಯವನು ಮೂಸಿ ನೋಡಿ, "ಇದರ ಕಥೆ ಮುಗೀತು" ಎಂದ. ಹೊಸದು ಬಂತು. ಡಾಂಗಲ್ ಮಾತ್ರ ಹಳೆಯದರ ಒಸಡಿನೊಳಗೆ ಭದ್ರವಾಗಿ ಕೂತಿತ್ತು. ಹಲ್ಲಕ್ಕ ಸಣ್ಣ ಡ್ರಿಲ್ಲು ಹಿಡಿದು ಒಂದು ಬೆಳಗೆಲ್ಲ ಆ ಅಕ್ರಿಲಿಕ್ಕನ್ನು ಪುಡಿಪುಡಿಯಾಗಿ ಕೊರೆದಳು. ಡಾಂಗಲ್ಲಿನ ಮೈಗೆ ಡ್ರಿಲ್ಲು ಒಮ್ಮೆಯೂ ತಾಗಲಿಲ್ಲ. ಇನ್ನು ಒಂದು ಸುತ್ತು ಕೊರೆದರೆ ತಾನಾಗಿ ಬರುತ್ತಿತ್ತು, ಅಷ್ಟರಲ್ಲಿ ಅಣ್ಣ ತಡೆಯಲಾಗದೆ ಇಕ್ಕಳ ಹಾಕಿ ಎಳೆದ. ಬಂತು, ಮೈಮೇಲೆ ಉದ್ದಕ್ಕೊಂದು ಗೀರು ಬಿತ್ತು.

ಹೊಸ ಕಂಪ್ಯೂಟರಿಗೆ ಚುಚ್ಚಿದರೆ ಪರದೆ ಹೇಳಿತು: ಮೊದಲು ಹಳೆಯ ಕಂಪ್ಯೂಟರಿನಲ್ಲಿ ಅನುಮತಿಯನ್ನು ಬಿಟ್ಟುಕೊಡಿ.

"ಸತ್ತವನ ಸಹಿ ತನ್ನಿ ಅಂದ ಹಾಗಾಯ್ತು" ಎಂದಳು ಅತ್ತಿಗೆ.

ಕಂಪನಿಗೆ ಫೋನು ಮಾಡಿದರು. ಡಾಂಗಲ್ಲಿನ ಫೋಟೋ ಕಳಿಸಿ ಎಂದರು. ಕಳಿಸಿದರು. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಸಾಧನವನ್ನು ಬಲವಂತವಾಗಿ ತೆರೆಯಲು ಪ್ರಯತ್ನಿಸಿದ ಗುರುತಿದೆ, ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಅಣ್ಣ ಫೋನಿನಲ್ಲಿ ಒಸಡಿನ ಕಥೆಯನ್ನೆಲ್ಲ ಹೇಳಿದ. ನಿಜ ಹೇಳುವುದರಲ್ಲಿ ಇರುವ ತೊಂದರೆ ಎಂದರೆ ಕೆಲವು ನಿಜಗಳು ಸುಳ್ಳಿಗಿಂತ ಕಡೆಯಾಗಿ ಕೇಳಿಸುತ್ತವೆ. ಆಚೆಯ ಹುಡುಗಿ ಎಲ್ಲಾ ಕೇಳಿ, "ಪರಿಶೀಲನೆಯಲ್ಲಿದೆ ಸರ್" ಎಂದಳು. ಎರಡು ವಾರ ಕಳೆದರೂ ಅದೇ ಮಾತು. ಡಾಕ್ಟರುಗಳು ಬೇರೆ ಲ್ಯಾಬಿನ ಕಡೆ ನೋಡತೊಡಗಿದರು. ಇನ್ನೊಮ್ಮೆ ಕೊಳ್ಳುವ ಶಕ್ತಿ ಲ್ಯಾಬಿಗೆ ಇರಲಿಲ್ಲ.

ಮೂರನೇ ವಾರ ಹಲ್ಲಕ್ಕ ಕೆಲಸಕ್ಕೆ ಬಂದಾಗ ಪರದೆಯ ಮೇಲೆ ಸಾಫ್ಟ್‌ವೇರು ತೆರೆದುಕೊಂಡಿತ್ತು. "ಅನುಮತಿ ಬಂತು" ಎಂದ ಅಣ್ಣ. ಅವಳು ಖುಷಿಯಿಂದ ಕೈ ಒರೆಸಿಕೊಂಡು ಕೂತಳು. ಬಾಕಿ ಬಿದ್ದ ಒಂಬತ್ತು ಕ್ಯಾಪು ಎರಡು ದಿನದಲ್ಲಿ ಮುಗಿದವು.

ಒಂಬತ್ತರಲ್ಲಿ ನಾಲ್ಕು ವಾಪಸು ಬಂದವು.

ಎತ್ತರವಾಗಿದೆ ಎಂದರು. ಕ್ಯಾಪು ಕೂದಲೆಳೆಯಷ್ಟು ಎತ್ತರವಾದರೂ ಬಾಯಿಗೆ ಗೊತ್ತಾಗುತ್ತದೆ, ಊಟ ಮಾಡುವಾಗ ದವಡೆಯೆಲ್ಲ ಅದೊಂದರ ಮೇಲೇ ಕೂರುತ್ತದೆ. ಹಲ್ಲಕ್ಕ ವಾಪಸು ಬಂದದ್ದನ್ನು ಮಾದರಿಯ ಮೇಲೆ ಕೂರಿಸಿ ನೋಡಿದಳು. ಇಲ್ಲಿ ಸರಿಯಾಗಿ ಕೂತಿತು. ಉಗುರಿನಿಂದ ಅಂಚನ್ನು ಸವರಿದಳು, ಎಲ್ಲೂ ತಡೆಯಲಿಲ್ಲ. ಹಾಗಿದ್ದರೆ ಉಜ್ಜುವಾಗ ಏನೋ ತಪ್ಪುತ್ತಿದೆ, ಅಥವಾ ಅಂಚಿನ ಗೆರೆ ಎಳೆಯುವಾಗ ಕಣ್ಣು ತಪ್ಪುತ್ತಿದೆ. ಮತ್ತೆ ಮಾಡಿದಳು. ಒಂದು ಕೂತಿತು, ಇನ್ನೊಂದು ಅಗಲವಾಯಿತೆಂದು ತಿರುಗಿ ಬಂತು.

ಹೀಗೇ ನಾಲ್ಕು ತಿಂಗಳು. ಅವಳು ಕಣ್ಣು ತೋರಿಸಿಕೊಂಡು ಬಂದಳು, ಕನ್ನಡಕ ಬದಲಾಯಿಸಿದಳು. ಕಾಫಿ ಬಿಟ್ಟಳು. ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈ ಮುಂದೆ ಚಾಚಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು, ಹಾಳೆಯ ತುದಿ ನಡುಗುತ್ತದೆಯೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಒಂದು ದಿನ ನಡುಗಿತು. ಉಸಿರು ಬಿಗಿಹಿಡಿದದ್ದಕ್ಕೇ ನಡುಗಿತೋ ಏನೋ, ಅವಳಿಗೆ ಅಷ್ಟು ಸಾಕಾಯಿತು, ಸ್ನಾನದ ಮನೆಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಳು.

ಆ ವಾರವೇ ಒಳಕೋಣೆಯಲ್ಲಿದ್ದಾಗ, ಹೊರಗೆ ಅಣ್ಣ ಫೋನಿನಲ್ಲಿ ಯಾವುದೋ ಡಾಕ್ಟರಿಗೆ ಹೇಳುತ್ತಿದ್ದುದು ಕೇಳಿಸಿತು. "ಏನು ಮಾಡೋದು ಡಾಕ್ಟ್ರೇ, ತಂಗಿಗೂ ವಯಸ್ಸಾಯ್ತು. ಕೈ ಮೊದಲಿನ ಹಾಗಿಲ್ಲ. ಸ್ವಲ್ಪ ಸುಧಾರಿಸ್ಕೊಳ್ಳಿ." ಅವನ ದನಿಯಲ್ಲಿ ಎಷ್ಟು ಮರುಕವಿತ್ತೆಂದರೆ, ಅವಳಿಗೆ ಕೋಪ ಬರಲಿಲ್ಲ. ಅಣ್ಣ ತನ್ನನ್ನು ಬಿಟ್ಟುಕೊಡುತ್ತಿಲ್ಲವಲ್ಲ ಎಂದು ಕೃತಜ್ಞತೆಯೇ ಬಂತು.

ವಿಷಯ ಹೊರಬಿದ್ದದ್ದು ಒಂದು ಮುರಿದ ಕ್ಯಾಪಿನಿಂದ. ಮೂಲೆ ಕ್ಲಿನಿಕ್ಕಿನ ಡಾಕ್ಟರಮ್ಮ ಫೋನು ಮಾಡಿ, ಎರಡು ವರ್ಷದ ಹಿಂದೆ ಹಲ್ಲಕ್ಕನೇ ಮಾಡಿಕೊಟ್ಟ ಕ್ಯಾಪೊಂದನ್ನು ರೋಗಿ ಕಲ್ಲು ಕಡಿದು ಒಡೆದುಕೊಂಡಿದ್ದಾನೆ, ಹಳೆಯ ಅಳತೆಯಿಂದಲೇ ಇನ್ನೊಂದು ಮಾಡಿಕೊಡಿ ಎಂದರು. ಅಳತೆಯ ಫೈಲು ಇತ್ತು. ಅವಳು ಹೊಸ ಕ್ಯಾಪು ಕೆತ್ತಿಸಿದಳು. ಮಾದರಿಯನ್ನು ಇನ್ನೊಮ್ಮೆ ಯಾಕೆ ಮಾಡಿಸಬೇಕು, ಹಳೆಯದು ಇರಬೇಕಲ್ಲ ಎಂದು ಬೀರು ತೆಗೆದು ಹುಡುಕಿದಳು. ಸಿಕ್ಕಿತು. ಕೂರಿಸಿದರೆ ಕ್ಯಾಪು ಅಲುಗಾಡಿತು.

ಅದೇ ಫೈಲು, ಅದೇ ಬಾಯಿ. ಅವಳು ಇನ್ನೂ ಉಜ್ಜಿರಲಿಲ್ಲ, ಗೆರೆ ಎಳೆದಿರಲಿಲ್ಲ, ಹಳೆಯ ಗೆರೆಯೇ ಫೈಲಿನಲ್ಲಿತ್ತು. ಅಂದರೆ ಅವಳ ಕೈ ಅದಕ್ಕೆ ತಾಗಿಯೇ ಇರಲಿಲ್ಲ. ಆಗ ಆ ಫೈಲಿನಿಂದ ಮಾದರಿಯನ್ನೂ ಹೊಸದಾಗಿ ಮಾಡಿಸಿ, ಹಳೆಯದರ ಪಕ್ಕದಲ್ಲಿಟ್ಟು ಕ್ಯಾಲಿಪರ್ ಹಿಡಿದು ಅಳೆದಳು. ಹೊಸ ದವಡೆ ಕೂದಲೆಳೆಯಷ್ಟು ದೊಡ್ಡದಾಗಿತ್ತು. ಮಾದರಿಯೂ ತಪ್ಪು, ಕ್ಯಾಪೂ ತಪ್ಪು. ತಪ್ಪಿಗೆ ತಪ್ಪು ಸರಿಹೊಂದಿ ಇಲ್ಲಿ ಚೆನ್ನಾಗಿ ಕೂರುತ್ತಿತ್ತು, ಬಾಯಿಗೆ ಹೋದ ಮೇಲೆ ಕೂರುತ್ತಿರಲಿಲ್ಲ. ಮತ್ತೊಮ್ಮೆ ಮಾಡಿಸಿದಳು. ಈ ಸಲ ಉದ್ದಕ್ಕೆ ಸರಿಯಿತ್ತು, ಎತ್ತರ ತಪ್ಪಿತ್ತು.

ಅವಳಿಗೆ ಕುಣಿಯಬೇಕೆನಿಸಿತು. ಅಣ್ಣ, ಅತ್ತಿಗೆ ಊಟಕ್ಕೆ ಹೋಗಿದ್ದರು, ಅವರು ಬರುವವರೆಗೆ ಕಾಯಲಾರದೆ ತಾನೇ ಕಂಪನಿಗೆ ಫೋನು ಮಾಡಿದಳು.

ಆಚೆಯ ಹುಡುಗಿ ಪರದೆಯ ಮೂಲೆಯಲ್ಲಿರುವ ಸಂಖ್ಯೆ ಓದಿ ಎಂದಳು. ಓದಿದಳು. "ಇದು ನಾವು ಕೊಟ್ಟಿದ್ದಲ್ಲ ಮೇಡಂ. ನಿಮ್ಮ ಅರ್ಜಿ ಇನ್ನೂ ಪರಿಶೀಲನೆಯಲ್ಲೇ ಇದೆ."

"ಅನುಮತಿ ಬಂದು ನಾಲ್ಕು ತಿಂಗಳಾಯ್ತಲ್ಲಮ್ಮಾ?"

"ಇಲ್ಲ ಮೇಡಂ. ನೀವು ಓದಿದ್ದು ಬೀಗ ಒಡೆದ ಪ್ರತಿ. ಅಂಥದ್ದು ನಿಂತುಹೋಗಲ್ಲ, ನಡೀತಾನೇ ಇರುತ್ತೆ, ಆದ್ರೆ ಅಳತೆ ಸರಿಯಾಗಿ ಕೊಡಲ್ಲ. ಒಂದೊಂದು ಸಲ ಒಂದೊಂದು ಥರ. ಒಪ್ಪಂದದ ಹನ್ನೊಂದನೇ ಪುಟದಲ್ಲಿ ಬರೆದಿದೆ."

"ಬಾಯಿಗೆ ಹಾಕೋ ಹಲ್ಲಮ್ಮಾ ಅದು. ಹಾಗೆ ಮಾಡಬಹುದಾ?"

ಹುಡುಗಿ ದನಿ ತಗ್ಗಿಸಿದಳು. "ಮೊದಲು ಹತ್ತು ಜನ ಬಳಸಿದ್ರೆ ಅದರಲ್ಲಿ ಒಬ್ಬರೂ ದುಡ್ಡು ಕೊಟ್ಟು ಕೊಂಡಿರ್ತಿರಲಿಲ್ಲವಂತೆ ಮೇಡಂ, ಅದಕ್ಕೇ ಮಾಡಿದ್ದು ಅಂತಾರೆ. ನಾನು ಫೋನ್ ಎತ್ತೋಳು ಅಷ್ಟೇ." ಆಮೇಲೆ ಅಂದಳು, "ಇದನ್ನೆಲ್ಲ ಹೋದ ತಿಂಗಳೇ ನಿಮ್ಮ ಲ್ಯಾಬಿಗೆ ಹೇಳಿದೀವಲ್ಲ. ಇಲ್ಲಿ ಬರೆದಿದೆ. ಸರ್ ಒಬ್ಬರು ಹೀಗೇ ಕೇಳಿದ್ರು, ಹೆಸರು ಹೇಳಲಿಲ್ಲ."

ಹಲ್ಲಕ್ಕ ಫೋನು ಇಟ್ಟಳು. ಲ್ಯಾಬಿನಲ್ಲಿ ಸರ್ ಎನ್ನಿಸಿಕೊಳ್ಳುವವನು ಒಬ್ಬನೇ. ಹೋದ ತಿಂಗಳು. ಅವಳು ಹಾಳೆಯ ತುದಿ ನೋಡುತ್ತ ನಿಂತಿದ್ದು, ಅವನು ಸುಧಾರಿಸ್ಕೊಳ್ಳಿ ಎಂದದ್ದು, ಎಲ್ಲಾ ಆಮೇಲೆ ಆದದ್ದು.

ಅಣ್ಣ ಬಂದ. ಮೇಜಿನ ಮೇಲೆ ಮೂರು ದವಡೆ, ಪಕ್ಕದಲ್ಲಿ ಕ್ಯಾಲಿಪರ್ ನೋಡಿದ. ಅವನಿಗೆ ಹೇಳಿಕೊಡಬೇಕಾಗಲಿಲ್ಲ.

"ದುಡ್ಡು ಕೊಟ್ಟು ಕೊಂಡಿದ್ದೇ ತಾನೇ ನಾವು?" ಎಂದ. "ನಮ್ಮನೆ ಬಾಗಿಲು ತೆಗೀಲಿಲ್ಲ ಅಂತ ನಮ್ಮನೆ ಕಿಟಕೀಲೇ ನುಗ್ಗಿದ್ದು. ಇದು ಕಳ್ಳತನ ಹೆಂಗಾಗುತ್ತೆ?"

"ನುಗ್ಗಿದ್ದಕ್ಕೆ ನಾನೇನೂ ಅನ್ನಲ್ಲಣ್ಣ. ಗೊತ್ತಾದ ಮೇಲೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ."

"ನಿಲ್ಲಿಸಬೇಕಲ್ವಾ?"

"ನಿಲ್ಲಿಸಿ ಏನು ತಿನ್ನೋದು? ಅವರ ಅನುಮತಿ ಇವತ್ತು ಬರುತ್ತೆ, ನಾಳೆ ಬರುತ್ತೆ, ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡೆ. ದಿನಾ ಕೇಳ್ತಿದ್ದೀನಿ ಕಣೇ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆಯಲ್ಲೋ" ಎಂದಳು. ಹುಟ್ಟಿದಾಗಿನಿಂದ ಅವನನ್ನು 'ಲೋ' ಅಂದವಳಲ್ಲ. "ನನ್ನ ಕೈ ಹೋಯ್ತು ಅಂದ್ಯಲ್ಲ ಎಲ್ಲರ ಹತ್ರ. ನನಗೂ ಹಾಗೇ ಅನ್ಸೋ ಹಾಗೆ ಮಾಡಿದೆಯಲ್ಲ!"

ಅಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಅವನ ಮುಖ ನೋಡಿದರೆ ಅವನೂ ನಿದ್ದೆ ಮಾಡಿದಂತಿರಲಿಲ್ಲ. "ನಿನ್ನ ಕೈ ಅಂದ್ರೆ ಡಾಕ್ಟರುಗಳು ಅಯ್ಯೋ ಪಾಪ ಅಂತಾರೆ, ಇಪ್ಪತ್ತೆರಡು ವರ್ಷದ ಋಣ ಇದೆ. ಕಳ್ಳಪ್ರತಿ ಅಂದ್ರೆ ಒಬ್ಬರೂ ಪಾಪ ಅನ್ನಲ್ಲ. ಬಾಗಿಲು ಹಾಕಬೇಕಾಗುತ್ತೆ. ಮೂರು ಜನರ ಅನ್ನ."

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಏನಕ್ಕೂ ಒಂದು ಮಾತು ಸಿದ್ಧವಿರುತ್ತಿದ್ದ ಅವಳು ಅವತ್ತು ನೆಲ ನೋಡಿದಳು. ಅವಳಿಗೂ ಗೊತ್ತಿತ್ತು ಎಂದು ಹಲ್ಲಕ್ಕನಿಗೆ ತಿಳಿಯಿತು.

ಎದ್ದು ಹೋಗಿಬಿಡೋಣ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಹೋಗುವುದು ಎಲ್ಲಿಗೆ? ಇನ್ನೊಂದು ಲ್ಯಾಬಿಗೆ ಹೋದರೆ ಕೈ ಹೋದವಳು ಎಂಬ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಕೂತಿರುತ್ತದೆ. ನಿಜ ಹೇಳಿದರೆ ಅಣ್ಣನ ಮಾನ ಮೂರಾಬಟ್ಟೆ, ಹೇಳದಿದ್ದರೆ ತನ್ನದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಕೊನೆಗೆ ಅವಳು ಎರಡೇ ಮಾತು ಹೇಳಿದಳು. ಅನುಮತಿ ಬರುವವರೆಗೆ ಆ ಸಾಫ್ಟ್‌ವೇರು ತೆರೆಯಕೂಡದು. ಮತ್ತೆ, ಡಾಕ್ಟರಮ್ಮನಿಗಾದರೂ ಅಣ್ಣ ತನ್ನ ಬಾಯಿಂದಲೇ ನಿಜ ಹೇಳಬೇಕು, ಉಳಿದವರ ಮಾತು ಆಮೇಲೆ. ಅಣ್ಣ ಎರಡಕ್ಕೂ ತಲೆಯಾಡಿಸಿದ. "ಹೇಳ್ತೀನಿ. ಒಂದು ವಾರ ಕೊಡು" ಎಂದ.

ಅವಳು ಡಾಕ್ಟರಮ್ಮನಿಗೆ ಫೋನು ಮಾಡಿ, ಕ್ಯಾಮೆರಾ ಅಳತೆ ಬೇಡ, ಹಿಂದಿನ ಹಾಗೆ ಬಾಯಿಯ ಅಚ್ಚು ತೆಗೆದು ಕಳಿಸಿ ಎಂದಳು. ಅಚ್ಚು ಬಂತು. ಪ್ಲಾಸ್ಟರ್ ಸುರಿದಳು, ಮೇಣ ಕರಗಿಸಿದಳು, ಚೂರಿ ಕಾಯಿಸಿ ತಾನು ಕಲಿತ ಕಾಲದ ರೀತಿಯಲ್ಲಿ ಹನಿಹನಿಯಾಗಿ ಹಲ್ಲು ಕಟ್ಟಿದಳು. ಯಂತ್ರ ಒಂದು ಗಂಟೆಗೆ ಮಾಡುವುದಕ್ಕೆ ಅವಳಿಗೆ ಎರಡು ದಿನ ಬೇಕಾಯಿತು. ಆ ಮೇಣದ ಆಕಾರಕ್ಕೆ ಲೋಹ ಎರಕ ಹೊಯ್ದು, ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ ಲೇಪಿಸಿ ಸುಟ್ಟು, ಉಜ್ಜುವಾಗ ಅವಳ ಬೆರಳು ಒಮ್ಮೆಯೂ ಅನುಮಾನಪಡಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಕೆಲಸ ಮಾಡುತ್ತ ಗುನುಗಿದಳು.

ವಾರ ಕಳೆಯಿತು. ಫೋನು ಬಂದಾಗ ಮೂವರೂ ಲ್ಯಾಬಿನಲ್ಲೇ ಇದ್ದರು. ಅತ್ತಿಗೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಹಲ್ಲಕ್ಕಾ, ಕೂತಿತು ಕಣ್ರೀ!" ಡಾಕ್ಟರಮ್ಮನ ದನಿ ಕೋಣೆ ತುಂಬಿತು. "ಒಂದು ಚೂರು ಉಜ್ಜಬೇಕಾಗಲಿಲ್ಲ. ನಿಮ್ಮಣ್ಣ ಹೇಳ್ತಿದ್ರು ನಿನ್ನೆ, ಪಾಪ ತುಂಬಾ ಕಷ್ಟಪಟ್ಟು ಔಷಧಿ ತಗೊಂಡು ಸುಧಾರಿಸ್ಕೊಂಡಿದಾಳೆ ಅಂತ. ಕೈ ಸರಿಹೋಯ್ತಾ ಈಗ?"

ಹಲ್ಲಕ್ಕ ಅಣ್ಣನ ಕಡೆ ತಿರುಗಿದಳು. ಅವನು ಗೋಡೆಗೆ ಒರಗಿ ನಿಂತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಅವಳು ಕಾದಳು. ಈಗಲಾದರೂ ಹೇಳಲಿ ಎಂದು, ಎಷ್ಟು ಹೊತ್ತು ಕಾಯುವುದು ಸಾಧ್ಯವೋ ಅಷ್ಟು ಹೊತ್ತು ಕಾದಳು. ಫೋನಿನಲ್ಲಿ ಡಾಕ್ಟರಮ್ಮ, "ಹಲೋ, ಕೇಳಿಸ್ತಾ ಇದೆಯಾ?" ಎಂದರು. ಅಣ್ಣ ಬಾಯಿ ಮುಚ್ಚಿಕೊಂಡ.

"ಕೇಳಿಸ್ತಿದೆ ಡಾಕ್ಟ್ರೇ" ಎಂದಳು ಹಲ್ಲಕ್ಕ. "ಹೂಂ. ಈಗ ಸರಿಹೋಗಿದೆ."